ಕಡುಬಿಸಿಲಿನ ಹಿತ್ತಲಿಗೆ ಗಿಡಗಳ ಆಯ್ಕೆ

ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಮಾರ್ಚ್ ತಿಂಗಳಿನಿಂದ ಮೊದಲ್ಗೊಂಡು ಮುಂಗಾರು ಕಾಲಿಡುವವರೆಗೆ ಬಿಸಿಲಿನ ತಾಪ ಬಲು ಹೆಚ್ಚು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ವಾಡಿಕೆಯ ಸಂಗತಿ. ಈ ಭಾಗದ ರೈತರು ಹೊಲಕ್ಕೆ ಬೀಜ ಹಾಕುವಾಗ ತಮ್ಮ ನೆಲಕ್ಕೂ ಹವೆಗೂ ಯಾವ ಬೆಳೆ ಒಗ್ಗುತ್ತದೆಂದು ಹತ್ತು ಸಲ ಯೋಚಿಸುತ್ತಾರೆ. ಎರೆ ನೆಲಕ್ಕೆ ಜೋಳ, ಕಡಲೆ. ಮಸಾರಿ ನೆಲಕ್ಕೆ ಸಜ್ಜೆ, ಶೇಂಗಾ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಮನೆಯ ಅಂಗಳಕ್ಕೂ ಹಿತ್ತಲಿಗೂ ಗಿಡ ತರುವಾಗ ಈ ವಿಚಾರ ಹಿಂದೆ ಬೀಳುತ್ತದೆ.

ಚಳಿಗಾಲದಲ್ಲಿ ಪೇಟೆಗೆ ಹೋದಾಗ ನರ್ಸರಿಯಲ್ಲಿ ಹೂ ಬಿಟ್ಟು ನಿಂತ ಗಿಡ ಕಣ್ಣಿಗೆ ಚೆಂದ ಕಾಣುತ್ತದೆ. ಕೊಂಡು ತಂದು ನೆಡುತ್ತೇವೆ. ಎರಡು ತಿಂಗಳು ನಗುನಗುತ್ತಾ ಇರುತ್ತದೆ. ಏಪ್ರಿಲ್ ಬರುವ ಹೊತ್ತಿಗೆ ಎಲೆಯ ಅಂಚು ಸುಟ್ಟು, ಮೇ ತಿಂಗಳಲ್ಲಿ ಒಣಗಿ ಕಡ್ಡಿಯಾಗುತ್ತದೆ. ಆಗ ಮನೆಯವರು ತಮ್ಮ ಕೈಗುಣ ಸರಿಯಿಲ್ಲವೆಂದುಕೊಳ್ಳುತ್ತಾರೆ. ನಿಜವಾಗಿ ದೋಷ ಕೈಯದಲ್ಲ, ಆಯ್ಕೆಯದು. ನಷ್ಟವೂ ಗಿಡದ ಬೆಲೆಗೆ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ಆ ಗಿಡವನ್ನು ಉಳಿಸಲು ಮನೆಯ ಹೆಣ್ಣುಮಕ್ಕಳು ದಿನವೂ ಹೊತ್ತು ತಂದ ಕೊಡಗಟ್ಟಲೆ ನೀರು ಅದರೊಂದಿಗೆ ಹೋಗುತ್ತದೆ. ಆದುದರಿಂದ ಬಿಸಿಲು ಸೀಮೆಯ ಹಿತ್ತಲಿಗೆ ಗಿಡ ಆರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬಿಸಿಲು ಬೇರೆ, ಕಾವು ಬೇರೆ

ಬಿಸಿಲನ್ನು ಬಯಸುವ ಗಿಡಗಳೆಲ್ಲ ಕಾವನ್ನು ತಡೆಯುತ್ತವೆ ಎಂದು ತಿಳಿಯುವುದು ಸರಿಯಲ್ಲ. ಸೇವಂತಿಗೆ, ಗುಲಾಬಿ, ಡೇಲಿಯಾ, ಪೆಟೂನಿಯಾ ಮೊದಲಾದವುಗಳಿಗೆ ಒಳ್ಳೆಯ ಬಿಸಿಲು ಬೇಕು. ಆದರೆ ಹವೆ ತಂಪಾಗಿರಬೇಕು. ಇವು ನಮ್ಮಲ್ಲಿ ಚಳಿಗಾಲದ ಅತಿಥಿಗಳು. ಗುಲಾಬಿ ಗಿಡ ಬೇಸಿಗೆಯನ್ನು ದಾಟಿದರೂ ಹೂವಿನ ಗಾತ್ರ ಕುಗ್ಗಿ, ದಳಗಳು ಬೇಗ ಉದುರುತ್ತವೆ. ಟೊಮ್ಯಾಟೊ ಗಿಡವೂ ಇದೇ ಜಾತಿಯದು. ಹಗಲಿನ ಉಷ್ಣತೆ 35 ಡಿಗ್ರಿಗಿಂತ ಮೇಲೇರಿ ರಾತ್ರಿಯೂ ತಂಪಾಗದೆ ಇದ್ದಾಗ ಅದರ ಪರಾಗ ಕೆಟ್ಟು, ಹೂವು ಕಾಯಿ ಕಟ್ಟದೆ ಉದುರುತ್ತದೆ. ಎಷ್ಟು ನೀರು, ಗೊಬ್ಬರ ಕೊಟ್ಟರೂ ಫಲವಿಲ್ಲ.

ಇದಕ್ಕೆ ವಿರುದ್ಧವಾಗಿ ಕೆಲವು ಗಿಡಗಳು ಕಾವನ್ನು ಸಹಿಸುತ್ತವೆ, ನೇರ ಬಿಸಿಲನ್ನು ಸಹಿಸುವುದಿಲ್ಲ. ವೀಳ್ಯದೆಲೆಯ ಬಳ್ಳಿ ಮತ್ತು ಮನಿಪ್ಲಾಂಟ್ ಇದಕ್ಕೆ ಉದಾಹರಣೆ. ಇವು ಹುಟ್ಟಿದ್ದೇ ಬಿಸಿ ಹವೆಯ ಕಾಡಿನ ಮರಗಳ ಕೆಳಗೆ. ಬೆಚ್ಚಗಿನ ಗಾಳಿ ಇವಕ್ಕೆ ಹಿತ. ನಡುಹಗಲಿನ ಬಿಸಿಲು ಬಿದ್ದರೆ ಎಲೆಯ ಮೇಲೆ ಸುಟ್ಟ ಕಲೆಗಳು ಮೂಡುತ್ತವೆ.

ಮೂರನೆಯ ಗುಂಪಿನ ಗಿಡಗಳು ಬಿಸಿಲನ್ನೂ ಕಾವನ್ನೂ ಎರಡನ್ನೂ ತಡೆಯುತ್ತವೆ. ನಮಗೆ ಬೇಕಾದವು ಇವೇ. ಆದರೆ ಇವುಗಳಲ್ಲಿಯೂ ಹಲವು ಗಿಡಗಳ ಬೇರಿನ ಬಳಿ ನೀರು ನಿಂತರೆ ಸಾಯುತ್ತವೆ. ಎರೆ ನೆಲದಲ್ಲಿ ಮೇ ತಿಂಗಳ ಬಿಸಿಲನ್ನು ಗೆದ್ದ ನುಗ್ಗೆ ಆಗಸ್ಟ್ ತಿಂಗಳ ಜಡಿಮಳೆಗೆ ಕೊಳೆತು ಬೀಳುವುದುಂಟು. ಆದುದರಿಂದ ಗಿಡ ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ನಡುಹಗಲಿನ ಬಿಸಿಲನ್ನು ಇದು ತಡೆದೀತೆ? ಬಿಸಿಗಾಳಿಯನ್ನು ತಡೆದೀತೆ? ಮಳೆಗಾಲದಲ್ಲಿ ನಮ್ಮ ನೆಲದ ತೇವವನ್ನು ತಡೆದೀತೆ?

ಮೊದಲು ಜಾಗವನ್ನು ಅರಿಯಬೇಕು

ಒಂದೇ ಮನೆಯ ನಾಲ್ಕು ದಿಕ್ಕಿನ ಜಾಗಗಳು ಒಂದೇ ಬಗೆಯವಲ್ಲ. ಮೂಡಣ ದಿಕ್ಕಿನ ಜಾಗಕ್ಕೆ ಬೆಳಗಿನ ಎಳೆಬಿಸಿಲು ಬಿದ್ದು, ಮಧ್ಯಾಹ್ನದ ನಂತರ ಮನೆಯ ನೆರಳು ಬರುತ್ತದೆ. ಪಡುವಣ ದಿಕ್ಕಿನ ಜಾಗ ಎಲ್ಲಕ್ಕಿಂತ ಕಠಿಣ. ಗಾಳಿ ಅತ್ಯಂತ ಬಿಸಿಯಾಗಿರುವ ಮಧ್ಯಾಹ್ನ 2 ರಿಂದ 5 ಗಂಟೆಯ ಹೊತ್ತಿಗೇ ಅಲ್ಲಿ ನೇರ ಬಿಸಿಲು. ಕಲ್ಲಿನ ಇಲ್ಲವೆ ಸಿಮೆಂಟಿನ ಗೋಡೆ ಇದ್ದರೆ ಅದು ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಗಿಡದ ಮೇಲೆ ಕಾವು ಬೀರುತ್ತಿರುತ್ತದೆ.

ಬಡಗಣ ದಿಕ್ಕಿನ ಜಾಗ ನೆರಳಿನದೆಂದು ಎಲ್ಲರ ಎಣಿಕೆ. ಚಳಿಗಾಲದಲ್ಲಿ ಇದು ನಿಜ. ಆದರೆ ಕಲಬುರಗಿಯ ಸುತ್ತ ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಬಳ್ಳಾರಿಯಲ್ಲಿ ಈ ಅವಧಿ ಇನ್ನೂ ಕೆಲವು ದಿನ ಮೊದಲೇ ಆರಂಭವಾಗುತ್ತದೆ. ಆದುದರಿಂದ ಡಿಸೆಂಬರಿನಲ್ಲಿ ತಂಪಾಗಿ ಕಂಡ ಬಡಗಣ ಮೂಲೆಗೆ ಮೇ ತಿಂಗಳಲ್ಲಿ ಬಿಸಿಲು ಬಂದು, ನೆರಳು ಬಯಸುವ ಗಿಡ ಸುಡುತ್ತದೆ. ಚಳಿಗಾಲದಲ್ಲಿ ಜಾಗ ನೋಡಿ ಗಿಡ ಆರಿಸುವವರು ಮೋಸ ಹೋಗುವುದು ಇಲ್ಲಿಯೇ.

ಜಾಗವನ್ನು ಅರಿಯಲು ಒಂದು ಸುಲಭ ಉಪಾಯವಿದೆ. ಏಪ್ರಿಲ್ ಅಥವಾ ಮೇ ತಿಂಗಳ ಒಂದು ದಿನ ಬೆಳಗಿನ 8, 11, ಮಧ್ಯಾಹ್ನದ 2, ಸಂಜೆಯ 5 ಗಂಟೆಗೆ ಹಿತ್ತಲನ್ನು ಸುತ್ತಿ, ನೆರಳಿನ ಅಂಚಿಗೆ ಒಂದೊಂದು ಗೂಟ ಹೊಡೆಯಬೇಕು. ನಾಲ್ಕು ಹೊತ್ತಿನ ಗೂಟಗಳನ್ನು ಒಟ್ಟಿಗೆ ನೋಡಿದಾಗ ಎಲ್ಲಿ ದಿನವಿಡೀ ಬಿಸಿಲು, ಎಲ್ಲಿ ಅರೆಬಿಸಿಲು ಎಂಬುದು ಸ್ಪಷ್ಟವಾಗುತ್ತದೆ. ನಂತರವೇ ಗಿಡದ ಮಾತು.

ಎಲೆಯನ್ನು ನೋಡಿ ಗಿಡವನ್ನು ಅಳೆಯುವುದು

ಹೆಸರು ತಿಳಿಯದ ಗಿಡವಾದರೂ ಅದರ ಎಲೆ ಬಹಳಷ್ಟನ್ನು ಹೇಳುತ್ತದೆ. ಗಿಡವು ಎಲೆಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ನೀರನ್ನು ಆವಿಯಾಗಿ ಹೊರಬಿಡುತ್ತದೆ. ನಮ್ಮ ಮೈ ಬೆವರಿ ತಂಪಾಗುವಂತೆ ಇದರಿಂದ ಎಲೆಯೂ ತಂಪಾಗುತ್ತದೆ. ಬೇರು ಒದಗಿಸುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಹೋದರೆ ಗಿಡ ಬಾಡುತ್ತದೆ. ರಂಧ್ರ ಮುಚ್ಚಿಕೊಂಡರೆ ನೀರು ಉಳಿಯುತ್ತದೆ, ಆದರೆ ಎಲೆ ಕಾಯುತ್ತದೆ. ಈ ತೊಡಕನ್ನು ಬಿಡಿಸಿಕೊಳ್ಳಲು ಬಿಸಿಲು ಸೀಮೆಯ ಗಿಡಗಳು ನಾನಾ ದಾರಿ ಹಿಡಿದಿವೆ.

1. ಸಣ್ಣ ಎಲೆ: ನುಗ್ಗೆ, ಬೇವು, ಹುಣಸೆ, ಕರಿಬೇವುಗಳ ಎಲೆ ಸಣ್ಣ ಸಣ್ಣ ಎಸಳುಗಳಾಗಿ ಒಡೆದಿದೆ. ಸಣ್ಣ ಎಸಳು ಸುಳಿಯುವ ಗಾಳಿಗೆ ತನ್ನ ಕಾವನ್ನು ಬೇಗ ಬಿಟ್ಟುಕೊಡುತ್ತದೆ. ಅಗಲವಾದ ತೆಳು ಎಲೆ ಹಾಗೆ ಮಾಡಲಾರದು.

2. ದಪ್ಪ, ಮೇಣದ ಹೊದಿಕೆಯ ಎಲೆ: ಕಣಗಿಲೆಯ ಎಲೆ ತೊಗಲಿನಂತೆ ಗಟ್ಟಿ. ಅದರ ರಂಧ್ರಗಳು ಎಲೆಯ ಕೆಳಮೈಯಲ್ಲಿ, ರೋಮ ತುಂಬಿದ ಕುಳಿಗಳ ಒಳಗೆ ಅಡಗಿವೆ. ಬಿಸಿಗಾಳಿ ನೇರವಾಗಿ ತಾಗದ ಕಾರಣ ನೀರು ಕಡಿಮೆ ಹೋಗುತ್ತದೆ.

3. ನೀರು ಕೂಡಿಡುವ ಎಲೆ, ಕಾಂಡ: ಲೋಳೆಸರ, ಹತ್ತು ಗಂಟೆ ಹೂ, ದೇವಕಣಗಿಲೆ ಇತ್ಯಾದಿ. ಲೋಳೆಸರವು ತನ್ನ ರಂಧ್ರಗಳನ್ನು ಹಗಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ.

4. ಎಲೆ ಉದುರಿಸುವುದು: ಬಾರೆ ಗಿಡ ಬೇಸಿಗೆಯಲ್ಲಿ ಎಲೆ ಉದುರಿಸಿ ವಿಶ್ರಾಂತಿ ಪಡೆಯುತ್ತದೆ. ಸೀತಾಫಲವೂ ಒಣಹವೆಯಲ್ಲಿ ಬರಿದಾಗುತ್ತದೆ. ಇದು ರೋಗವಲ್ಲ. ಗಿಡ ಸತ್ತಿತೆಂದು ಕಿತ್ತೆಸೆಯಬಾರದು.

5. ಆಳಕ್ಕೆ ಇಳಿಯುವ ಬೇರು: ಬಾರೆ, ಬೇವುಗಳ ಬೇರು ಮೇಲ್ಮಣ್ಣು ಒಣಗಿದರೂ ಕೆಳಗಿನ ಹಸಿಯನ್ನು ಹುಡುಕಿಕೊಳ್ಳುತ್ತದೆ.

ಅಗಲವಾದ, ತೆಳ್ಳಗಿನ, ಮೃದುವಾದ ಎಲೆಯ ಗಿಡ ಪಡುವಣ ಗೋಡೆಯ ಬಳಿ ಬಾಳುವುದು ಕಷ್ಟ.

ಹೂವಿನ ಗಿಡಗಳು

ಪೂರ್ಣ ಬಿಸಿಲಿನ ಜಾಗಕ್ಕೆ ಕಾಗದದ ಹೂವಿನ ಬಳ್ಳಿ, ಅಂದರೆ ಬೋಗನ್‌ವಿಲ್ಲ ಬಹಳ ಯೋಗ್ಯ. ಬೇರೂರಿದ ಮೇಲೆ ಇದಕ್ಕೆ ನೀರು ಕಡಿಮೆಯಾದಷ್ಟೂ ಬಣ್ಣ ಹೆಚ್ಚು. ಹೆಚ್ಚು ನೀರು, ಗೊಬ್ಬರ ಕೊಟ್ಟರೆ ಬರೀ ಎಲೆ ಬಿಡುತ್ತದೆ. ಮುಳ್ಳಿರುವುದರಿಂದ ಬೇಲಿಗೂ ಆಗುತ್ತದೆ. ದೇವಕಣಗಿಲೆಯನ್ನು ಟೊಂಗೆಯಿಂದಲೇ ಬೆಳೆಸಬಹುದು. ಕಡಿದ ಟೊಂಗೆಯನ್ನು ಒಂದು ವಾರ ನೆರಳಿನಲ್ಲಿ ಇಟ್ಟು, ಹಾಲು ಆರಿದ ಮೇಲೆ ನೆಡಬೇಕು. ನೀರು ನಿಲ್ಲುವ ಜಾಗ ಇದಕ್ಕೆ ಸಲ್ಲದು.

ನಿತ್ಯಪುಷ್ಪ, ಹತ್ತು ಗಂಟೆ ಹೂ, ಕೋಳಿಜುಟ್ಟಿನ ಹೂ, ಜೀನಿಯಾ ಇವು ಬೇಸಿಗೆಯಲ್ಲಿಯೂ ಬಣ್ಣ ಕೊಡುವ ಸಣ್ಣ ಗಿಡಗಳು. ಹತ್ತು ಗಂಟೆ ಹೂ ಬಿಸಿಲು ಬಿದ್ದರೆ ಮಾತ್ರ ಅರಳುತ್ತದೆ. ಇದರ ತುಂಡೊಂದನ್ನು ಮಣ್ಣಿಗೆ ಒತ್ತಿದರೆ ಸಾಕು, ಚಿಗುರುತ್ತದೆ. ನಿತ್ಯಪುಷ್ಪದ ಬುಡದಲ್ಲಿ ಮಳೆನೀರು ನಿಂತರೆ ಬೇರು ಕೊಳೆಯುತ್ತದೆ. ಎರೆ ನೆಲದಲ್ಲಿ ಏರುಮಡಿ ಮಾಡಿ ನೆಡಬೇಕು.

ಮುಡಿಗೂ ಪೂಜೆಗೂ ಹೂ ಬೇಕೆನ್ನುವವರು ಮಲ್ಲಿಗೆಯನ್ನು ಆರಿಸಬಹುದು. ಬಿಸಿಲಿನ ನಾಡಾದ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯ ಮಲ್ಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದೆ ಎಂಬುದನ್ನು ಇಲ್ಲಿ ನೆನೆಯಬಹುದು. ದುಂಡುಮಲ್ಲಿಗೆಯನ್ನು ಚಳಿಗಾಲದಲ್ಲಿ ಸವರಿ ಗೊಬ್ಬರ ಕೊಟ್ಟರೆ ಬೇಸಿಗೆಯಲ್ಲಿ ತುಂಬ ಹೂ ಬಿಡುತ್ತದೆ. ಆದರೆ ಮೊಗ್ಗು ಬರುವ ಕಾಲದಲ್ಲಿ ಇದಕ್ಕೆ ನೀರು ತಪ್ಪಬಾರದು. ಆದ್ದರಿಂದ ಬಚ್ಚಲಿನ ನೀರು ಹರಿಯುವ ಕಡೆಗೆ ಒಂದೆರಡು ಗಿಡ ಹಾಕುವುದು ಜಾಣತನ. ದಾಸವಾಳವೂ ಬಿಸಿಲಿಗೆ ಒಗ್ಗುತ್ತದೆ. ಬೇಸಿಗೆಯಲ್ಲಿ ಇದರ ಕುಡಿಗೆ ಹಿಟ್ಟು ತಿಗಣೆ ಬೀಳುತ್ತದೆ. ಕಂಡ ಕೂಡಲೇ ಆ ಕುಡಿಯನ್ನು ಚಿವುಟಿ ನಾಶಪಡಿಸಿ, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಸ್ವಲ್ಪ ಸಾಬೂನಿನ ನೀರು ಬೆರೆಸಿ ಸಂಜೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಎಣ್ಣೆ ಸಿಂಪಡಿಸಿದರೆ ಎಲೆ ಸುಡುತ್ತದೆ.

ಹಣ್ಣು, ಸೊಪ್ಪು ಮತ್ತು ತರಕಾರಿ

ಹಿತ್ತಲಲ್ಲಿ ಒಂದೇ ಗಿಡಕ್ಕೆ ಜಾಗವಿದ್ದರೆ ಅದು ನುಗ್ಗೆಯಾಗಿರಲಿ. ಸೊಪ್ಪು, ಹೂ, ಕಾಯಿ ಮೂರೂ ಅಡಿಗೆಗೆ ಬರುತ್ತವೆ. ಪೆರಿಯಕುಳಂನಿಂದ ಬಂದ ಪಿ.ಕೆ.ಎಂ.-1 ಹಾಗೂ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿಗಳನ್ನು ಬೀಜದಿಂದ ಬೆಳೆಸಬಹುದು. ಬೀಜವನ್ನು ಗುಣಿಯಲ್ಲಿಯೇ ಊರಿದರೆ ತಾಯಿಬೇರು ನೇರವಾಗಿ ಇಳಿಯುತ್ತದೆ. ಗಿಡ ಸುಮಾರು 75 ಸೆಂ.ಮೀ. ಎತ್ತರವಾದಾಗ ಕುಡಿ ಚಿವುಟಿದರೆ ಪಕ್ಕದ ಟೊಂಗೆಗಳು ಒಡೆದು, ಕಾಯಿ ಕೈಗೆಟುಕುವಂತೆ ಬಿಡುತ್ತವೆ. ಪಿ.ಕೆ.ಎಂ.-1 ಬಿತ್ತಿದ ಆರು ತಿಂಗಳಿಗೆ ಕಾಯಿ ಕೊಡಲು ತೊಡಗುತ್ತದೆ.

ಸೀತಾಫಲ ಕಲ್ಲುಮಿಶ್ರಿತ ತೆಳು ಮಣ್ಣಿನಲ್ಲಿಯೂ ಬರುತ್ತದೆ. ಇದರ ಎಲೆಯನ್ನು ಆಡು, ದನ ಮೇಯುವುದಿಲ್ಲ. ಬೇಲಿಯಿಲ್ಲದ ಹಿತ್ತಲಿಗೆ ಇದೊಂದು ದೊಡ್ಡ ಅನುಕೂಲ. ಕಸಿ ಮಾಡಿದ ಬಾರೆ, ದಾಳಿಂಬೆ, ನೆಲ್ಲಿ, ಕರಿಬೇವು ಸಹ ಯೋಗ್ಯ. ನಿಂಬೆ ಬಿಸಿಲಿಗೆ ಅಂಜದು, ಆದರೆ ಇವುಗಳಿಗಿಂತ ಹೆಚ್ಚು ನೀರು ಬೇಡುತ್ತದೆ.

ಬೇಸಿಗೆಯ ತರಕಾರಿಗೆ ಬೆಂಡೆ, ಚವಳಿಕಾಯಿ, ಅಲಸಂದೆ, ಬದನೆ, ಹೀರೆ, ರಾಜಗಿರಿ, ಪುಂಡಿ ಸೊಪ್ಪನ್ನು ಆರಿಸಬೇಕು. ಬೆಂಡೆಯಲ್ಲಿ ಹಳದಿ ನಂಜು ರೋಗ ತಡೆಯುವ ಅರ್ಕಾ ಅನಾಮಿಕ, ಚವಳಿಯಲ್ಲಿ ಪೂಸಾ ನವಬಹಾರ್ ಹೆಸರಾದ ತಳಿಗಳು. ಕೊತ್ತಂಬರಿ, ಹುರುಳಿಕಾಯಿ, ಕೋಸುಗಳನ್ನು ಚಳಿಗಾಲಕ್ಕೆ ಬಿಡುವುದು ಲೇಸು.

ಎಚ್ಚರಿಕೆಯ ಮಾತು

ಬಿಸಿಲಿಗೆ ಬಗ್ಗದ ಗಿಡವೆಲ್ಲ ಮನೆಗೆ ತಕ್ಕದ್ದಲ್ಲ. ಕಣಗಿಲೆಯ ಬೇರು, ತೊಗಟೆ, ಎಲೆ, ಹೂ ಎಲ್ಲವೂ ವಿಷ. ಹಳದಿ ಕಣಗಿಲೆಯ ಬೀಜವಂತೂ ಪ್ರಾಣಕ್ಕೇ ಅಪಾಯ. ಸಣ್ಣ ಮಕ್ಕಳಿರುವ ಮನೆಯಲ್ಲಿ, ದನಕರು, ಆಡುಗಳು ತಿರುಗಾಡುವ ಹಿತ್ತಲಲ್ಲಿ ಇವನ್ನು ನೆಡಬಾರದು. ಈಗಾಗಲೇ ಇದ್ದರೆ ಸವರಿದ ಟೊಂಗೆಗಳನ್ನು ದನಗಳ ಗ್ವಾದಲಿಯ ಹತ್ತಿರ ಹಾಕಬಾರದು. ಒಣಗಿದ ಎಲೆಯಲ್ಲಿಯೂ ವಿಷ ಉಳಿದಿರುತ್ತದೆ. ಲಂಟಾನಾ ಹೂವಿಗೆ ಮರುಳಾಗಬಾರದು. ಅದು ಹಕ್ಕಿಗಳಿಂದ ಹರಡಿ ಹೊಲ, ಗೋಮಾಳಗಳನ್ನು ಆವರಿಸುತ್ತದೆ, ಮೇಯ್ದ ದನಗಳಿಗೆ ಕೇಡು ಮಾಡುತ್ತದೆ. ಬಳ್ಳಾರಿ ಜಾಲಿಯ ಹಾವಳಿ ನಮ್ಮ ರೈತರಿಗೆ ಗೊತ್ತೇ ಇದೆ.

ನೆಡುವ ಕಾಲ ಮತ್ತು ವಿಧಾನ

ಎಂತಹ ಗಟ್ಟಿ ಗಿಡವಾದರೂ ಮೊದಲ ವರ್ಷ ಮಗುವಿನಂತೆ. ಬೇರು ಕೆಳಗಿಳಿಯುವವರೆಗೆ ಅದಕ್ಕೆ ಬರ ತಡೆಯುವ ಶಕ್ತಿ ಬರುವುದಿಲ್ಲ. ಆದುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ, ಒಂದೆರಡು ಹದಮಳೆ ಬಿದ್ದ ಮೇಲೆ ನೆಡಬೇಕು. ಹಾಗೆ ನೆಟ್ಟ ಗಿಡಕ್ಕೆ ಬೇಸಿಗೆ ಬರುವ ಮೊದಲು ಏಳೆಂಟು ತಿಂಗಳು ಸಿಗುತ್ತದೆ. ಫೆಬ್ರುವರಿಯ ನಂತರ ನೆಟ್ಟರೆ ಬೇರಿಗಿಂತ ಮೊದಲೇ ಬಿಸಿಲು ಬರುತ್ತದೆ.

ಮರಜಾತಿಯ ಗಿಡಗಳಿಗೆ ಎರಡು ಅಡಿ ಉದ್ದ, ಅಗಲ, ಆಳದ ಗುಣಿಗಳನ್ನು ಏಪ್ರಿಲ್, ಮೇ ತಿಂಗಳಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ನೆಡುವಾಗ ಮೇಲ್ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಕರೆದಂತೆ. ಎರೆ ನೆಲದಲ್ಲಿ ಗಿಡದ ಬುಡ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರದಲ್ಲಿರಲಿ. ಮಸಾರಿ ನೆಲದಲ್ಲಿ ನೀರು ಹಿಡಿಯುವಂತೆ ಸುತ್ತ ಪಾತಿ ಮಾಡಬೇಕು.

ನರ್ಸರಿಯ ಸಸಿಗಳು ಹಸಿರು ಪರದೆಯ ನೆರಳಿನಲ್ಲಿ ಬೆಳೆದಿರುತ್ತವೆ. ತಂದ ದಿನವೇ ಬಯಲಿಗೆ ಇಟ್ಟರೆ ಬಿಸಿಲನ್ನು ಬಯಸುವ ಗಿಡದ ಎಲೆಯೂ ಸುಡುತ್ತದೆ. ಮೊದಲ ನಾಲ್ಕು ದಿನ ಬೆಳಗಿನ ಎರಡು ತಾಸು ಬಿಸಿಲು, ಮುಂದಿನ ನಾಲ್ಕು ದಿನ ನಾಲ್ಕು ತಾಸು, ಹೀಗೆ ಹತ್ತು ಹದಿನೈದು ದಿನ ಪಳಗಿಸಿ ನಂತರ ನೆಡಬೇಕು. ಕೊಳ್ಳುವಾಗ ಹೂ ತುಂಬಿದ ದೊಡ್ಡ ಗಿಡಕ್ಕಿಂತ, ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿರದ ಸಣ್ಣ ಸಸಿ ಮೇಲು.

ಕುಂಡದಲ್ಲಿ ಬೆಳೆಸುವವರು ಒಂದು ಸಂಗತಿ ನೆನಪಿಡಬೇಕು. ನೆಲದಲ್ಲಿರುವ ಬೇರು ತಂಪಾಗಿರುತ್ತದೆ. ಕುಂಡದ ಬೇರು ಎಲ್ಲ ಕಡೆಯಿಂದಲೂ ಕಾಯುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ತೀರ ಕೆಟ್ಟದ್ದು. ಮಣ್ಣಿನ ಕುಂಡಗಳನ್ನು ಒತ್ತಾಗಿ ಜೋಡಿಸಿ, ಹೊರಮೈಗೆ ಸುಣ್ಣ ಬಳಿದರೆ ಕಾವು ಕಡಿಮೆಯಾಗುತ್ತದೆ.

ನೀರಿನ ಲೆಕ್ಕ

ಹತ್ತು ಗಿಡಗಳ ಹಿತ್ತಲಿಗೆ ಮೊದಲ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಗಿಡಕ್ಕೆ 10 ಲೀಟರ್‌ನಂತೆ ಕೊಟ್ಟರೆ, ದಿನದ ಸರಾಸರಿ 25 ಲೀಟರ್ ಆಯಿತು. ಅಂದರೆ ಎರಡು ಕೊಡಕ್ಕಿಂತ ಕಡಿಮೆ. ಅದೇ 10 ಅಡಿ ಉದ್ದ, 10 ಅಡಿ ಅಗಲದ ಹುಲ್ಲುಹಾಸಿನಿಂದ ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ನೀರು ಆರುತ್ತದೆಂದು ಹಿಡಿದರೂ, ಅದಕ್ಕೆ ದಿನವೂ ಸುಮಾರು 55 ಲೀಟರ್ ಬೇಕು. ಹತ್ತು ಗಿಡಗಳು ಸೊಪ್ಪು, ಹೂ, ಹಣ್ಣು, ನೆರಳು ಕೊಡುತ್ತವೆ; ಹುಲ್ಲುಹಾಸು ಕಣ್ಣಿಗೆ ಹಸಿರು ಮಾತ್ರ. ನೀರು ಹೊತ್ತು ತರುವ ಮನೆಯಲ್ಲಿ ಈ ಲೆಕ್ಕ ಮುಖ್ಯ.

ದಿನವೂ ಚೂರುಚೂರು ನೀರು ಚಿಮುಕಿಸುವ ಪದ್ಧತಿ ಬಿಡಬೇಕು. ಮೇಲ್ಮಣ್ಣು ಮಾತ್ರ ಒದ್ದೆಯಾದರೆ ಬೇರೂ ಮೇಲೆಯೇ ಉಳಿದು, ಒಂದು ದಿನ ನೀರು ತಪ್ಪಿದರೂ ಬಾಡುತ್ತದೆ. ಸಂಜೆ ಅಥವಾ ನಸುಕಿನಲ್ಲಿ, ದಿನ ಬಿಟ್ಟು, ಆಳಕ್ಕೆ ಇಳಿಯುವಷ್ಟು ಕೊಡಬೇಕು. ಮಧ್ಯಾಹ್ನ ಮೂರು ಗಂಟೆಗೆ ಎಲೆ ಜೋತು ಬಿದ್ದು ಸಂಜೆಗೆ ಚೇತರಿಸಿಕೊಂಡರೆ ಗಾಬರಿಯಾಗಬೇಕಿಲ್ಲ. ಬೆಳಗಿನ ತಂಪಿನಲ್ಲಿಯೂ ಜೋತಿದ್ದರೆ ಮಾತ್ರ ನೀರಿನ ಕೊರತೆಯೆಂದು ತಿಳಿಯಬೇಕು. ಮಣ್ಣು ಹಸಿಯಾಗಿದ್ದೂ ಜೋತಿದ್ದರೆ ಬೇರು ಕೊಳೆಯುತ್ತಿದೆಯೇ ಎಂದು ನೋಡಬೇಕು.

ಗಿಡದ ಬುಡಕ್ಕೆ ಜೋಳದ ಕಣಕಿಯ ತುಂಡು, ಒಣ ಎಲೆ, ತೊಗರಿ ಹೊಟ್ಟನ್ನು ಮೂರು ನಾಲ್ಕು ಅಂಗುಲ ದಪ್ಪ ಹೊದಿಸಿದರೆ ತೇವ ಬೇಗ ಆರುವುದಿಲ್ಲ, ಮಣ್ಣೂ ತಂಪಾಗಿರುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತೆ ನಾಲ್ಕು ಅಂಗುಲ ಬಿಡಬೇಕು. ಮಸಾರಿ ನೆಲದಲ್ಲಿ ಹೊದಿಕೆಯನ್ನು ಆಗಾಗ ಎತ್ತಿ ಗೆದ್ದಲು ನೋಡಬೇಕು. ಹಳೆಯ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ಹತ್ತಿಯ ಬತ್ತಿ ತೂರಿಸಿ, ಗಿಡದಿಂದ ಒಂದು ಅಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ನೀರು ನಿಧಾನವಾಗಿ ಬೇರಿಗೆ ಸೇರುತ್ತದೆ. ಪಾತ್ರೆ, ತರಕಾರಿ ತೊಳೆದ ನೀರನ್ನು ಗಿಡಗಳಿಗೆ ತಿರುಗಿಸಬಹುದು. ಬಟ್ಟೆ ಒಗೆಯುವ ಪುಡಿ, ಬ್ಲೀಚಿಂಗ್ ಪುಡಿ ಬೆರೆತ ನೀರು ಬೇಡ.

ಮೊದಲು ನೆರಳು ಕೊಡುವವು, ಆಮೇಲೆ ನೆರಳು ಬೇಡುವವು

ಬಯಲಾಗಿರುವ ಹಿತ್ತಲು ಸದಾ ಬಯಲಾಗಿಯೇ ಇರಬೇಕಿಲ್ಲ. ಮೊದಲ ಮಳೆಗಾಲದಲ್ಲಿ ಪಡುವಣ ದಿಕ್ಕಿಗೆ, ಗೋಡೆಯಿಂದ 15 ರಿಂದ 20 ಅಡಿ ದೂರದಲ್ಲಿ ಒಂದು ಬೇವು, ಅದರ ಒಳಬದಿಗೆ ನುಗ್ಗೆ, ಸೀತಾಫಲ, ಕರಿಬೇವುಗಳನ್ನು ಹಾಕಬೇಕು. ಮೂರು ನಾಲ್ಕು ವರ್ಷಗಳಲ್ಲಿ ಮಧ್ಯಾಹ್ನದ ಬಿಸಿಲನ್ನು ಅವು ತಡೆಯತೊಡಗುತ್ತವೆ. ಆ ನೆರಳಿನಲ್ಲಿ ವೀಳ್ಯದೆಲೆ, ಅರಿಸಿಣ ಮುಂತಾದವು ಬಾಳುತ್ತವೆ. ಮನೆಯ ಗೋಡೆಯೂ ಮೊದಲಿನಷ್ಟು ಕಾಯುವುದಿಲ್ಲ. ಮೊದಲ ವರ್ಷವೇ ಎಲ್ಲವನ್ನೂ ನೆಡಬೇಕೆಂಬ ಆತುರದಿಂದ ಗಿಡವೂ ಹೋಗುತ್ತದೆ, ನೀರೂ ಹೋಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಜಾಗದ ಬಿಸಿಲನ್ನು ಚಳಿಗಾಲದಲ್ಲಿ ಅಲ್ಲ, ಏಪ್ರಿಲ್, ಮೇ ತಿಂಗಳಲ್ಲಿ ಅಳೆಯಿರಿ.
2. ಬಿಸಿಲು, ಕಾವು, ನಿಂತ ನೀರು ಮೂರಕ್ಕೂ ಗಿಡ ಒಗ್ಗುತ್ತದೆಯೇ ಎಂದು ಕೇಳಿ ಕೊಳ್ಳಿರಿ.
3. ಸಸಿಯನ್ನು ಪಳಗಿಸಿ, ಮುಂಗಾರಿನಲ್ಲಿ ನೆಡಿರಿ.
4. ದಿನ ಬಿಟ್ಟು ಆಳಕ್ಕೆ ನೀರು ಕೊಡಿರಿ. ಬುಡಕ್ಕೆ ಹೊದಿಕೆ ಹಾಕಿರಿ.
5. ವಿಷದ ಗಿಡಗಳನ್ನು ಮಕ್ಕಳಿಂದ, ದನಕರುಗಳಿಂದ ದೂರವಿಡಿರಿ.

ಬಿಸಿಲು ನಮ್ಮ ಸೀಮೆಗೆ ಶಾಪವೆಂದು ಹಳಿಯುವುದಕ್ಕಿಂತ, ಅದರಲ್ಲಿಯೇ ಬೆಳೆದು ಬಂದ ಗಿಡಗಳನ್ನು ಹಿತ್ತಲಿಗೆ ಕರೆತಂದರೆ ಕಡಿಮೆ ನೀರಿನಲ್ಲಿ ಮನೆಮಂದಿಗೆ ಸೊಪ್ಪು, ಕಾಯಿ, ಹಣ್ಣು, ಹೂ, ನೆರಳು ಎಲ್ಲವೂ ದೊರೆಯುತ್ತವೆ. ಬರುವ ಮುಂಗಾರಿಗೆ ಈಗಿನಿಂದಲೇ ಜಾಗ ಗುರುತಿಸಿ ಗುಣಿ ತೋಡಲು ರೈತ ಬಾಂಧವರು ಸಿದ್ಧರಾಗಬೇಕು.